ಒಂದೇ ಹೊಲದ ಹಲವು ಮಣ್ಣುಗಳು

ತುಮಕೂರು ಜಿಲ್ಲೆಯ ಮಳೆಯಾಶ್ರಿತ ರಾಗಿ ಹೊಲವೊಂದರಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಅಭ್ಯಸಿಸಲು ತೊಡಗಿದಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಗೊಬ್ಬರದ ಶಿಫಾರಸಿಗೆಂದು ಮಣ್ಣು ಪರೀಕ್ಷೆ ಮಾಡಿಸುವವರ ಕ್ರಮದಂತೆ ಹೊಲದಲ್ಲಿ ಅಂಕುಡೊಂಕಾಗಿ ನಡೆದು, 15 ಸೆಂ.ಮೀ. ಆಳದ 'ವಿ' ಆಕಾರದ ಗುಂಡಿಗಳಿಂದ ಮಣ್ಣು ತೆಗೆದು, ಎಲ್ಲವನ್ನೂ ಕಲೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಅರ್ಧ ಕಿಲೋಗೆ ಇಳಿಸಿದ್ದೆ. ರಂಜಕ, ಪೊಟ್ಯಾಷ್ ಅಳೆಯಲು ಅದು ಸರಿ. ಆದರೆ ಬದು, ಮರದ ಬುಡ, ತಿಪ್ಪೆಯಿದ್ದ ಜಾಗಗಳನ್ನು ಬಿಟ್ಟುಬಿಡಿ ಎನ್ನುವುದೂ ಅದೇ ಕ್ರಮ. ನನಗೆ ಬೇಕಾಗಿದ್ದ ವ್ಯತ್ಯಾಸವೆಲ್ಲ ಇದ್ದದ್ದು ಅಲ್ಲಿಯೇ, ಉಳಿದದ್ದನ್ನು ನಾನೇ ಕಲೆಸಿ ಕಳೆದಿದ್ದೆ.

ಮರುವರ್ಷ ಯಾವುದನ್ನೂ ಬೆರೆಸಲಿಲ್ಲ. ರಾಗಿಯ ಬೇರಿಗೆ ಅಂಟಿದ ಮಣ್ಣು, ಎರಡು ಸಾಲುಗಳ ನಡುವಿನ ಮಣ್ಣು, ಬದುವಿನ ಹೊಂಗೆ ಮರದ ಕೆಳಗಿನದು, ಹಳೆಯ ತಿಪ್ಪೆಯ ಜಾಗದ್ದು, ಹೀಗೆ ಒಂದೊಂದನ್ನೂ ಬೇರೆಬೇರೆ ಚೀಲಕ್ಕೆ ತುಂಬಿ, ಪ್ರತಿ ಸಲವೂ ಸಲಿಕೆಯನ್ನು ಸ್ಪಿರಿಟ್‌ನಿಂದ ಒರೆಸಿ, ಐಸ್ ಪೆಟ್ಟಿಗೆಯಲ್ಲಿ ತಂದು, ಒಣಗಿಸದೆ ಹಸಿಯಾಗಿಯೇ 2 ಮಿ.ಮೀ. ಜರಡಿ ಹಿಡಿದೆ. ಒಮ್ಮೆ ಚೀಲಗಳು ನಾಲ್ಕು ದಿನ ಮೇಜಿನ ಮೇಲೆಯೇ ಉಳಿದವು. ಸೂಕ್ಷ್ಮಜೀವಿಗಳನ್ನು ಬೆಳೆಸಿ ಎಣಿಸುವ ಅಗರ್ ತಟ್ಟೆಗಳಲ್ಲಿ ಶಿಲೀಂಧ್ರ ಎಷ್ಟು ದಟ್ಟವಾಗಿ ಬೆಳೆಯಿತೆಂದರೆ, ನಾನು ಎಣಿಸುತ್ತಿದ್ದುದು ಹೊಲವನ್ನಲ್ಲ, ನನ್ನ ಮೇಜನ್ನು ಎಂದು ತಿಳಿದು ಆ ಇಡೀ ಕಂತನ್ನು ಎಸೆದೆ.

ಸಾಲಿನ ನಡುವಿಗೂ ಬೇರಿಗೂ ಇರುವ ಅಂತರ ಒಂದು ಗೇಣಿಗಿಂತ ಕಡಿಮೆ. ಆದರೂ ಆ ಎರಡು ಮಣ್ಣುಗಳ ನಡುವಿನ ಭೇದವು ಈ ಹೊಲಕ್ಕೂ ಪಕ್ಕದ ಹೊಲಕ್ಕೂ ಇದ್ದ ಭೇದಕ್ಕಿಂತ ಹೆಚ್ಚಿತ್ತು. ಬೇರು ಸಕ್ಕರೆಯನ್ನೂ ಸಾವಯವ ಆಮ್ಲಗಳನ್ನೂ ಸ್ರವಿಸುವುದರಿಂದ ಬೇಗ ಬೆಳೆಯಬಲ್ಲ ಬ್ಯಾಕ್ಟೀರಿಯಾಗಳು ಅಲ್ಲಿ ನೆರೆಯುತ್ತವೆ. ಇನ್ನೂ ಚಿಕ್ಕ ಅಳತೆಗೆ ಇಳಿದರೆ, ಒಂದು ಹೆಂಟೆಯ ಹೊರಮೈಯಲ್ಲಿ ಗಾಳಿಯಾಡುತ್ತಿದ್ದರೂ ಒಳಗೆ ಆಮ್ಲಜನಕ ಸಾಲದೆ, ನೈಟ್ರೇಟನ್ನು ಬಳಸಿ ಉಸಿರಾಡುವ ಜೀವಿಗಳು ಅಲ್ಲಿರಬಹುದು. ಅಗರ್ ತಟ್ಟೆಯಲ್ಲಿ ಬೆಳೆಯುವವು ಮಣ್ಣಿನ ಜೀವಿಗಳಲ್ಲಿ ಅತಿ ಸಣ್ಣ ಪಾಲು ಮಾತ್ರವಾದ್ದರಿಂದ ಮಣ್ಣಿನ ಉಸಿರನ್ನೂ ಅಳೆದೆ: ಮುಚ್ಚಿದ ಜಾಡಿಯಲ್ಲಿ ಮಣ್ಣಿನ ಜೊತೆ ಕಾಸ್ಟಿಕ್ ಸೋಡಾ ದ್ರಾವಣದ ಪುಟ್ಟ ಸೀಸೆಯಿಟ್ಟು, ಅದು ಹೀರಿದ ಇಂಗಾಲದ ಡೈಆಕ್ಸೈಡನ್ನು ಬೇರಿಯಂ ಕ್ಲೋರೈಡ್ ಹಾಕಿ ಬಿಳಿ ಗಸಿಯಾಗಿ ಬೇರ್ಪಡಿಸಿ, ಉಳಿದ ಕ್ಷಾರವನ್ನು ಆಮ್ಲದಿಂದ ಟೈಟ್ರೇಟ್ ಮಾಡುವ (ಹನಿಹನಿಯಾಗಿ ಆಮ್ಲ ಬೆರೆಸಿ ಅಳೆಯುವ) ಹಳೆಯ, ಅಗ್ಗದ ವಿಧಾನ.

ಕಾಲದ ಪಾಠ ಕಲಿಸಿದ್ದು ಈ ಜಾಡಿಯೇ. ಗೊಬ್ಬರ ಹಾಕದ ತಾಕಿನ ಮಣ್ಣನ್ನು ಬೇಸಿಗೆಯ ಕೊನೆಗೂ, ಗೊಬ್ಬರ ಹಾಕಿದ ತಾಕಿನದನ್ನು ಮೊದಲ ಹದಮಳೆಯ ಎರಡನೆಯ ದಿನವೂ ತೆಗೆದಿದ್ದೆ. ಎರಡನೆಯದರ ಉಸಿರು ಹಲವು ಪಟ್ಟು ಹೆಚ್ಚಿದ್ದುದನ್ನು ಕಂಡು ಗೊಬ್ಬರದ ಮಹಿಮೆಯೆಂದು ಹಿಗ್ಗಿದೆ. ಹೊಲದ ಯಜಮಾನರು, 'ಸ್ವಾಮಿ, ಅದು ಒಣ ಮಣ್ಣು, ಇದು ನೆಂದ ಮಣ್ಣು, ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತೀರಲ್ಲ' ಎಂದರು. ಗೊಬ್ಬರವಿಲ್ಲದ ಒಣ ಮಣ್ಣಿಗೆ ಜಾಡಿಯಲ್ಲಿ ನೀರು ಚಿಮುಕಿಸಿ ನೋಡಿದರೆ ಅದೂ ಹಾಗೆಯೇ ಉಸಿರಾಡಿತು. ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ ಮಣ್ಣು ವಿಜ್ಞಾನಿ ಬರ್ಚ್ 1958ರಲ್ಲಿ ವರ್ಣಿಸಿದ ವಿದ್ಯಮಾನವಿದು. ಒಣ ಮಣ್ಣು ಥಟ್ಟನೆ ನೆಂದಾಗ ಕೆಲವು ಜೀವಕೋಶಗಳು ಒಡೆಯುತ್ತವೆ, ಹೆಂಟೆಗಳು ಕರಗಿ ಒಳಗಿದ್ದ ಸಾವಯವ ಪದಾರ್ಥ ಹೊರಬೀಳುತ್ತದೆ, ಬದುಕುಳಿದ ಜೀವಿಗಳು ಅದನ್ನೆಲ್ಲ ಉಂಡು ಕೆಲವು ದಿನಗಳಲ್ಲಿ ಮತ್ತೆ ತಣ್ಣಗಾಗುತ್ತವೆ.

ಮಣ್ಣಿನಲ್ಲಿರುವ ಜೀವಿಗಳ ಪಟ್ಟಿ ಕೊಡುವ ಡಿಎನ್ಎ ಪರೀಕ್ಷೆ ಮಾಡಿಸಿದಾಗ ಇಷ್ಟು ಏರಿಳಿತ ಕಾಣಲಿಲ್ಲ. ಸತ್ತ ಜೀವಿಗಳ ಡಿಎನ್ಎಯೂ ಮಣ್ಣಿನ ಕಣಗಳಿಗೆ ಅಂಟಿ ಬಹುಕಾಲ ಉಳಿಯುವುದರಿಂದ ಆ ಪಟ್ಟಿಯಲ್ಲಿ ಹೋದ ಹಂಗಾಮಿನ ನಿವಾಸಿಗಳೂ ಸೇರಿರುತ್ತಾರೆ. ಹಾಗಾಗಿ ಯಾರಿದ್ದಾರೆ ಎಂಬುದಕ್ಕೆ ಡಿಎನ್ಎಯನ್ನೂ, ಈಗ ಎಷ್ಟು ಚುರುಕಾಗಿದ್ದಾರೆ ಎಂಬುದಕ್ಕೆ ಜಾಡಿಯನ್ನೂ ನೆಚ್ಚುತ್ತೇನೆ. ಚೀಲದ ಚೀಟಿಯ ಮೇಲೆ ಈಗ ತಾಕಿನ ಸಂಖ್ಯೆಗಿಂತ ಮೊದಲು ಬರೆಯುವುದು ಎರಡು ಸಂಗತಿ: ಹತ್ತಿರದ ಗಿಡ ಎಷ್ಟು ದೂರದಲ್ಲಿದೆ, ಕೊನೆಯ ಮಳೆ ಬಿದ್ದು ಎಷ್ಟು ದಿನವಾಯಿತು.