ಐಇಎಲ್‌ಟಿಎಸ್ ರೀಡಿಂಗ್: 60 ನಿಮಿಷ ಎಲ್ಲಿ ಸೋರಿಹೋಗುತ್ತದೆ

ವಿದೇಶದಲ್ಲಿ ಓದಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್. ಅದರ ಅಕಾಡೆಮಿಕ್ ರೀಡಿಂಗ್ (ಓದುವ) ಭಾಗದಲ್ಲಿ 3 ಪ್ಯಾಸೇಜ್, 40 ಪ್ರಶ್ನೆ, 60 ನಿಮಿಷ. ಮೂರೂ ಪ್ಯಾಸೇಜ್ ಸೇರಿ 2,150ರಿಂದ 2,750 ಪದ. ನಿಮಿಷಕ್ಕೆ 150 ಪದದಂತೆ ನಿಧಾನವಾಗಿ ಓದಿದರೂ 18–19 ನಿಮಿಷಕ್ಕೆ ಮುಗಿಯಬೇಕು. ಉಳಿದ 40 ನಿಮಿಷವನ್ನು ನುಂಗುವುದು ಓದಿದ್ದನ್ನೇ ಮತ್ತೆ ಓದುವುದು, ಎಲ್ಲೋ ಕಂಡ ಸಾಲನ್ನು ಹುಡುಕುವುದು. ಅದಕ್ಕೇ ನಾನು ವೇಗ ಹೆಚ್ಚಿಸುವ ಗೋಜಿಗೆ ಹೋಗದೆ, ಮರುಓದು ತಗ್ಗಿಸುವುದಕ್ಕೆ ಕೈಹಾಕಿದೆ.

ಕನ್ನಡದವರಿಗೆ ಮರುಓದು ಹೆಚ್ಚಾಗಲು ಒಂದು ಕಾರಣ ವಾಕ್ಯದ ಜೋಡಣೆ. ನಮ್ಮಲ್ಲಿ ವಿವರಣೆ ನಾಮಪದಕ್ಕಿಂತ ಮೊದಲು ಬರುತ್ತದೆ, ಕ್ರಿಯಾಪದ ಕೊನೆಗೆ. ಇಂಗ್ಲಿಷ್‌ನಲ್ಲಿ 'ವಿಚ್', 'ಹೂ' ಎಂದು ಶುರುವಾಗುವ ವಿವರಣೆ ನಾಮಪದದ ನಂತರ ಜೋತುಬೀಳುತ್ತದೆ. ಮನಸ್ಸಿನಲ್ಲೇ ಅನುವಾದಿಸಿಕೊಂಡು ಓದುವವರು ಕೊನೆತನಕ ಹೋಗಿ ಮತ್ತೆ ಮೊದಲಿಗೆ ಬರಲೇಬೇಕು. ಉದ್ದ ವಾಕ್ಯ ಕಂಡರೆ ನಾನು ಕರ್ತೃ, ಮುಖ್ಯ ಕ್ರಿಯಾಪದ ಎರಡನ್ನು ಮಾತ್ರ ಹಿಡಿದು ಮುಂದೆ ಹೋಗುತ್ತೇನೆ. ನಡುವಿನ ವಿವರಣೆಯನ್ನು ಪ್ರಶ್ನೆ ಕೇಳಿದರೆ ಮಾತ್ರ ನೋಡುವುದು. ಗೊತ್ತಿಲ್ಲದ ಪದಕ್ಕೂ ಇದೇ ನಿಯಮ.

ಮೂರು ಪ್ಯಾಸೇಜಿಗೂ ತಲಾ 20 ನಿಮಿಷ ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಸಾಮಾನ್ಯವಾಗಿ ಮುಂದೆ ಹೋದಂತೆ ಕಷ್ಟ ಹೆಚ್ಚುತ್ತದೆ. ನಾನು ಇಟ್ಟುಕೊಂಡದ್ದು 16, 19, 23. ಕೊನೆಗೆ 2 ನಿಮಿಷ ಉಳಿಕೆ. ಗಡಿಯಾರ ನೋಡುವುದು ಎರಡೇ ಸಲ, 16ಕ್ಕೆ ಮತ್ತು 35ಕ್ಕೆ. ಆ ಹೊತ್ತಿಗೆ ಏನು ಬಾಕಿ ಇದ್ದರೂ ಒಂದು ಊಹೆ ಬರೆದು ಮುಂದಿನ ಪ್ಯಾಸೇಜಿಗೆ ಹೋಗುವುದು. ಎಲ್ಲ ಪ್ರಶ್ನೆಗೂ ಒಂದೇ ಅಂಕ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಹೀಗಿರುವಾಗ ಒಂದು ಪ್ರಶ್ನೆಗೆ ಮೂರು ನಿಮಿಷ ಸುರಿಯುವುದು ಶುದ್ಧ ನಷ್ಟ.

ಪ್ಯಾಸೇಜಿನೊಳಗೆ, ಶೀರ್ಷಿಕೆ ಮತ್ತು ಪ್ರತಿ ಪ್ಯಾರಾದ ಮೊದಲ ಒಂದೆರಡು ವಾಕ್ಯ ಓದಿ, ಪಕ್ಕದಲ್ಲಿ ಎರಡು ಪದದ ಗುರುತು ಹಾಕುತ್ತೇನೆ: 'ಕಾರಣ', 'ಟೀಕೆ', 'ಹಳೆ ಪ್ರಯೋಗ'. ಕನ್ನಡದಲ್ಲೇ ಬರೆದರೂ ಅಡ್ಡಿಯಿಲ್ಲ. ಇದಕ್ಕೆ ಎರಡೂವರೆ ನಿಮಿಷ ಸಾಕು, ಮುಂದಿನ ಹುಡುಕಾಟವೆಲ್ಲ ಇದರ ಮೇಲೆಯೇ ನಿಂತಿದೆ. ಆಮೇಲೆ ಪ್ರಶ್ನೆಗಳನ್ನು ಕೊಟ್ಟ ಕ್ರಮದಲ್ಲಿ ಮಾಡುವುದಿಲ್ಲ. 'ಟ್ರೂ–ಫಾಲ್ಸ್–ನಾಟ್ ಗಿವನ್' (ಹೇಳಿಕೆ ಪ್ಯಾಸೇಜಿಗೆ ಹೊಂದುತ್ತದೆಯೇ, ವಿರುದ್ಧವೇ, ಅಲ್ಲಿ ಹೇಳೇ ಇಲ್ಲವೇ ಎಂಬ ಪ್ರಶ್ನೆ) ಬಗೆಯ ಉತ್ತರಗಳು ಪ್ಯಾಸೇಜಿನ ಕ್ರಮದಲ್ಲೇ ಬರುತ್ತವೆ, ಆದ್ದರಿಂದ ಅದು ಮೊದಲು. 'ಈ ಮಾಹಿತಿ ಯಾವ ಪ್ಯಾರಾದಲ್ಲಿದೆ' ಎಂಬುದಕ್ಕೆ ಕ್ರಮವಿಲ್ಲ, ಅದು ಕೊನೆಗೆ. ಅಷ್ಟರಲ್ಲಿ ಪ್ಯಾಸೇಜಿನ ಬಹುಭಾಗ ಹೇಗೂ ಕಣ್ಣಾಡಿಸಿ ಆಗಿರುತ್ತದೆ.

ಅತಿ ಹೆಚ್ಚು ಹೊತ್ತು ತಿನ್ನುವುದು 'ನಾಟ್ ಗಿವನ್'. ಪ್ಯಾಸೇಜಿನಲ್ಲಿ 'ಕೆಲವು ರೈತರು ಹೊಸ ಬೀಜವನ್ನು ನಿರಾಕರಿಸಿದರು' ಎಂದಿದೆ ಎನ್ನಿ. 'ಎಲ್ಲ ರೈತರೂ ಒಪ್ಪಿದರು' ಎಂಬ ಹೇಳಿಕೆ ಫಾಲ್ಸ್, ಏಕೆಂದರೆ ಎರಡೂ ಒಟ್ಟಿಗೆ ನಿಜವಾಗಲಾರವು. 'ಬೆಲೆ ಹೆಚ್ಚೆಂದು ನಿರಾಕರಿಸಿದರು' ಎಂದರೆ ನಾಟ್ ಗಿವನ್. ಕಾರಣ ನಿಜವಿರಬಹುದು, ಆದರೆ ಅಲ್ಲಿ ಹೇಳಿಲ್ಲ. ಇಲ್ಲದ್ದನ್ನು ಹುಡುಕಲು ಇಡೀ ಪ್ಯಾಸೇಜ್ ತಿರುವಿಹಾಕುವವರಿದ್ದಾರೆ. ಹಿಂದಿನ ಪ್ರಶ್ನೆಯ ಉತ್ತರ ಸಿಕ್ಕ ಸಾಲಿಗೂ ಮುಂದಿನದರ ಉತ್ತರ ಸಿಕ್ಕ ಸಾಲಿಗೂ ನಡುವೆ ಎರಡು ಸಲ ನೋಡಿ. ಸಿಗದಿದ್ದರೆ ನಾಟ್ ಗಿವನ್ ಎಂದು ಬರೆದು ಬಿಟ್ಟುಬಿಡಿ.

ಪೇಪರ್ ಪರೀಕ್ಷೆಯಾದರೆ ಉತ್ತರವನ್ನು ಆಗಿಂದಾಗಲೇ ಆನ್ಸರ್ ಶೀಟಿಗೆ ಇಳಿಸಬೇಕು. ಲಿಸನಿಂಗ್‌ನಲ್ಲಿ ಉತ್ತರ ಇಳಿಸಲೆಂದೇ ಸಿಗುವ 10 ನಿಮಿಷ ಇಲ್ಲಿಲ್ಲ. 'ಎರಡು ಪದ ಮೀರದಂತೆ' ಎಂದಿರುವಲ್ಲಿ ಮೂರು ಬರೆದರೆ ಅಂಕವಿಲ್ಲ, ಕಾಗುಣಿತ ತಪ್ಪಿದರೂ ಇಲ್ಲ. ಕೊನೆಯ 2 ನಿಮಿಷ ಇವನ್ನು ನೋಡುವುದಕ್ಕೇ.

ಅಭ್ಯಾಸದಲ್ಲಿ ಬರೇ ಸ್ಕೋರ್ ಬರೆದಿಟ್ಟರೆ ಏನೂ ತಿಳಿಯದು. ಪ್ರಶ್ನೆಯ ಬಗೆ, ಹಿಡಿದ ಸೆಕೆಂಡು, ಉತ್ತರ ಸಿಕ್ಕ ಸಾಲು ಎಂದು ಮೂರು ಕಾಲಂ ಹಾಕಿ. 90 ಸೆಕೆಂಡು ದಾಟಿದವು ಒಂದೇ ಬಗೆಯ ಪ್ರಶ್ನೆಗಳಾಗಿದ್ದರೆ, ಆ ಬಗೆಯನ್ನಷ್ಟೇ ಮೊದಲು ಗಡಿಯಾರವಿಲ್ಲದೆ ಮಾಡಿ. ತಪ್ಪು ಕಡಿಮೆಯಾದ ಮೇಲೆ ಗಡಿಯಾರ ಇಟ್ಟು, ಕೊನೆಗೆ 60 ನಿಮಿಷ ನಡುವೆ ಏಳದೆ ಪೂರ್ತಿ ಪರೀಕ್ಷೆ ಬರೆಯಿರಿ.