ಅರ್ಧ ಗುಳಿಗೆಯ ಲೆಕ್ಕ

ಮೊದಲ ಸಲ ಆದದ್ದು ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ, ಉಣಕಲ್ ದಾಟುವಾಗ. ಬಾಗಿಲು ಮುಚ್ಚಿತು, ಎದೆ ಡಬಡಬ ಶುರುವಾಯಿತು, ಕೈ ಜೋಮು ಹಿಡಿಯಿತು. ಹಾರ್ಟ್ ಅಟ್ಯಾಕೇ ಅಂದುಕೊಂಡೆ. ಇಸಿಜಿ ಸರಿ ಇತ್ತು, ಥೈರಾಯ್ಡೂ ಸರಿ ಇತ್ತು. ಮೂರನೇ ಸಲ ಆದಾಗ ಮನೋವೈದ್ಯರನ್ನು ನೋಡಿ ಅಂದರು.

ನಮ್ಮ ಕಡೆ "ಧಾರವಾಡಕ್ಕ ಕಳಸಬೇಕು" ಅಂದರೆ ಅರ್ಥವೇ ಬೇರೆ, ಅಲ್ಲಿನ ಮಾನಸಿಕ ಆಸ್ಪತ್ರೆಗೆ ಅಂತ. ದಿನಾ ಕೆಲಸಕ್ಕೆ ಧಾರವಾಡಕ್ಕೇ ಹೋಗುವ ನನಗೂ ನಾಚಿಕೆಯಾಯಿತು. ಅವ್ವ ಮಾತ್ರ, "ನಾ ಬಿಪಿ ಗುಳಗಿ ನುಂಗೂದಿಲ್ಲೇನು? ನೀನೂ ನುಂಗು" ಅಂದಳು.

ಗಾಬರಿಗೆ ಬರೆದ ಗುಳಿಗೆ ಎಸಿಟಾಲೊಪ್ರಾಮ್, ದಿನಕ್ಕೆ 5 ಮಿಲಿಗ್ರಾಂ, ವಾರದ ಮೇಲೆ 10. ಮೊದಲ ಹತ್ತು ದಿನ ಹೊಟ್ಟೆ ತೊಳಸುತ್ತಿತ್ತು. ಗಾಬರಿ ಕಮ್ಮಿಯಾಗುವುದಿರಲಿ, ಜಾಸ್ತಿಯೇ ಆಯಿತು. ಹೀಗಾಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ಜೊತೆಗೆ ರಾತ್ರಿ ಗಾಬರಿ ಬೇಗ ತಣಿಸುವ ಕ್ಲೊನಾಜೆಪಾಮ್ 0.25, ಎರಡೇ ವಾರ. ನಿಜ ಹೇಳಬೇಕೆಂದರೆ ನನಗೆ ಹಿಡಿಸಿದ್ದು ಅದೇ, ನುಂಗಿದ ಸ್ವಲ್ಪ ಹೊತ್ತಿಗೇ ಆರಾಮ. ಅದಕ್ಕೇ ಚಟವಾಗುತ್ತದೆ. ತಿಂಗಳುಗಟ್ಟಲೆ ನುಂಗಿದವರು ಥಟ್ಟನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಐದನೇ ವಾರದ ಒಂದು ದಿನ ಬಸ್ಸಿನಲ್ಲಿ ನವನಗರ ಬಂದದ್ದೇ ಗೊತ್ತಾಗಲಿಲ್ಲ.

ಎಂಟನೇ ತಿಂಗಳಲ್ಲಿ ಎಡವಿದೆ. ಆರಾಮಿದ್ದೀನಲ್ಲ ಅಂತ ನಾನೇ ಎಸಿಟಾಲೊಪ್ರಾಮ್ ಬಿಟ್ಟೆ. ಮೂರನೇ ದಿನ ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಜರ್ರ್ ಅಂತ ಕರೆಂಟ್ ಹೊಡೆದ ಹಾಗೆ. ತಲೆಸುತ್ತು, ಸುಮ್ ಸುಮ್ನೆ ಸಿಟ್ಟು. ರೋಗ ಮರಳಿತು ಅಂತ ಓಡಿದೆ. "ಬಿಟ್ಟು ಎಷ್ಟ ದಿನಾ ಆತು?" ಅಂತ ಡಾಕ್ಟರ್ ಕೇಳಿದರು. ಬಿಟ್ಟ ಕೆಲವೇ ದಿನಕ್ಕೆ ಹೀಗೆ ಕರೆಂಟ್ ಹೊಡೆದರೆ ಅದು ಗುಳಿಗೆ ಬಿಟ್ಟ ಕಾಟ, ರೋಗ ಮರಳುವುದು ಸಾಮಾನ್ಯವಾಗಿ ನಿಧಾನಕ್ಕೆ, ವಾರಗಳ ಮೇಲೆ. ಮತ್ತೆ ಶುರು ಮಾಡಿಸಿದರು, ಕಾಟ ನಿಂತಿತು.

ವರ್ಷ ದಾಟಿದ ಮೇಲೆ ಅವರೇ ಇಳಿಸಿದರು. 7.5 ಒಂದು ತಿಂಗಳು, 5 ಒಂದೂವರೆ ತಿಂಗಳು, 2.5 ಎರಡು ತಿಂಗಳು. ಇದು ನನಗೆ ಬರೆದ ಲೆಕ್ಕ, ನಿಮ್ಮದು ನಿಮ್ಮ ಡಾಕ್ಟರ್ ಬರೆಯಬೇಕು. ಕೊನೆಗೆ ಬಂದಾಗ ಬೇಗ ಮುಗಿಸೋಣ ಅನ್ನಿಸುತ್ತದೆ ಅಲ್ವಾ? ಆ ಕೊನೆಯ ಚೂರೇ ಕಷ್ಟ. ಡೋಸ್ ಅರ್ಧ ಮಾಡಿದರೆ ಮಿದುಳಿನಲ್ಲಿ ಅದರ ಕೆಲಸ ಅರ್ಧವಾಗುವುದಿಲ್ಲ, ಸ್ವಲ್ಪವೇ ಇಳಿಯುತ್ತದೆ. 2.5 ರಿಂದ ಸೊನ್ನೆಗೆ ಇಳಿಯುವುದೇ ದೊಡ್ಡ ಇಳಿಜಾರು. ದಿನ ಬಿಟ್ಟು ದಿನ ನುಂಗಲಾ ಅಂದೆ. ರಕ್ತದಲ್ಲಿ ಏರಿಳಿತವಾಗುತ್ತದೆ, ಬೇಡ ಅಂದರು.

5ರ ಗುಳಿಗೆಯನ್ನು ಅವ್ವನ ಅಡಕೊತ್ತಿನಲ್ಲಿ ಅರ್ಧ ಮಾಡಲು ಹೋದೆ. ಒಂದು ಚೂರು ಪುಡಿಯಾಯಿತು, ಇನ್ನೊಂದು ಕಪಾಟಿನ ಕೆಳಗೆ ಹಾರಿತು. ಮೆಡಿಕಲ್ ಶಾಪಿನಲ್ಲಿ ಗುಳಿಗೆ ಕತ್ತರಿಸುವ ಪುಟ್ಟ ಡಬ್ಬಿ ಸಿಗುತ್ತದೆ, ಅದನ್ನು ತಂದೆ. 2.5ಕ್ಕೆ ಇಳಿದಾಗ ಎರಡು ವಾರ ನಿದ್ದೆ ಕೆಟ್ಟಿತು, ವಿಚಿತ್ರ ಕನಸು. ಏರಿಸಲಿಲ್ಲ, ಇಳಿಸಲೂ ಇಲ್ಲ, ಡಾಕ್ಟರಿಗೆ ತಿಳಿಸಿ ಅಲ್ಲೇ ನಿಂತೆ. ತಾನಾಗಿ ಸರಿಹೋಯಿತು.

ಡಬ್ಬಿ ಈಗ ಅವ್ವನ ಪಾಲಾಗಿದೆ. ಅವಳ ಬಿಪಿ ಗುಳಿಗೆ ಅರ್ಧದ್ದು.