ಶರಾವತಿ ಹಿನ್ನೀರಿನ ದಡದಲ್ಲಿ ಬೇಸಿಗೆ ಶಿಬಿರ: ನನ್ನ ಅನುಭವ

ಬೇಸಿಗೆ ಶಿಬಿರ ಎಂದ ಕೂಡಲೇ ಪೋಷಕರು ಕೇಳುವುದು ‘ಸೌಲಭ್ಯ ಏನೇನಿದೆ?’ ಎಂದು. ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಶಿಬಿರ ನಡೆಸುವ ನನಗೆ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರಿಸಲು ಆಗುವುದಿಲ್ಲ. ಇಲ್ಲಿ ದಡವೇ ಒಂದೆಡೆ ನಿಲ್ಲುವುದಿಲ್ಲ. ಈ ಹಿನ್ನೀರು ಲಿಂಗನಮಕ್ಕಿ ಜಲಾಶಯದ್ದು; ಅದರ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಒಳ್ಳೆಯ ಮಳೆಗಾಲದ ಕೊನೆಗೆ ಗುಡ್ಡದ ನೆತ್ತಿಗೆ ಹತ್ತುವ ನೀರು, ವಿದ್ಯುತ್ ಉತ್ಪಾದನೆಗೆ ಹರಿದು ಹರಿದು, ಮಕ್ಕಳಿಗೆ ರಜೆ ಸಿಗುವ ಏಪ್ರಿಲ್ ಹೊತ್ತಿಗೆ ಬುಡಕ್ಕೆ ಇಳಿದಿರುತ್ತದೆ. ಕಾಂಕ್ರೀಟಿನ ಕಟ್ಟೆ ಕಟ್ಟಿದರೆ ನಮ್ಮ ಶಿಬಿರದ ವೇಳೆಗೆ ಅದರ ಸುತ್ತ ದನ ಮೇಯುತ್ತಿರುತ್ತವೆ! ಹಾಗಾಗಿ ಹರಿಗೋಲು, ಕಯಾಕ್, ಡೇರೆ, ನೀರಿನ ಡ್ರಮ್ಮು ಎಲ್ಲವೂ ಹೊತ್ತು ಸಾಗಿಸುವಂಥವು. ಶೌಚಾಲಯ ಮತ್ತು ಅಡುಗೆಮನೆ ಮಾತ್ರ ಸ್ಥಿರ. ಅವು ಗರಿಷ್ಠ ಮಟ್ಟಕ್ಕಿಂತಲೂ ಮೇಲೆ, ನಮಗೆ ಜಾಗ ಕೊಟ್ಟವರ ಮನೆಯ ಹಿಂದಿವೆ.

ಈ ಕೆಲಸದಲ್ಲಿ ನನ್ನ ಅರ್ಧ ಶ್ರಮ ಹೋಗುವುದು ಕೊರಡುಗಳನ್ನು ಹುಡುಕುವುದಕ್ಕೆ. 1964ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ಊರು, ಗದ್ದೆ, ತೋಟಗಳ ಜೊತೆ ಕಾಡೂ ಮುಳುಗಿತು. ಆ ಮರಗಳ ಬೊಡ್ಡೆಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ಮೇಲೆ ಕಾಣುವ ಕೊರಡಿನಿಂದ ತೊಂದರೆಯಿಲ್ಲ, ನೀರಿನಿಂದ ಒಂದು ಗೇಣು ಕೆಳಗಿರುವುದೇ ಅಪಾಯ. ಮಟ್ಟ ಇಳಿಯುತ್ತಲೇ ಇರುವುದರಿಂದ ನಿನ್ನೆ ಸುರಕ್ಷಿತವಾಗಿದ್ದ ಜಾಗ ಇಂದು ಹಾಗಿರಬೇಕೆಂದಿಲ್ಲ. ಮಕ್ಕಳು ಏಳುವ ಮೊದಲೇ ಊರಿನ ಅಂಬಿಗರೊಬ್ಬರ ಜೊತೆ ಹರಿಗೋಲಿನಲ್ಲಿ ಹೊರಟು, ಗಳ ಹಾಕಿ ತಳ ತಡಕುತ್ತೇನೆ. ಗಳ ಕೆಸರಿಗೆ ತಾಗಿದರೆ ಮೆತ್ತಗೆ ಇಳಿಯುತ್ತದೆ. ಮರಕ್ಕೆ ತಾಗಿದರೆ ಅಂಗೈಗೆ ಟಣ್ಣನೆ ಒದೆತ ಬರುತ್ತದೆ. ಅಲ್ಲಿ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತೇವೆ. ಆ ಬಿದಿರುಗಳ ನಡುವಿನದೇ ಮಕ್ಕಳ ಅಂದಿನ ಆಟದ ಬಯಲು. ದಡದ ಕೆಸರೂ ಮೋಸದ್ದೇ. ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಮೊಣಕಾಲು ಹುಗಿಯುವಷ್ಟು ಹಸಿ. ನೀರಿಗಿಳಿಯಲು ಕಲ್ಲುನೆಲ ಇರುವ ಕಡೆ ಒಂದೇ ದಾರಿ ಗುರುತು ಮಾಡಿ ಹಗ್ಗ ಎಳೆಯುತ್ತೇನೆ.

ಲೈಫ್ ಜಾಕೆಟ್ ಎಷ್ಟು ಹೊಸದು ಎನ್ನುವುದಕ್ಕಿಂತ ಮೈಗೆ ಹೇಗೆ ಕೂತಿದೆ ಎನ್ನುವುದು ಮುಖ್ಯ. ಪಟ್ಟಿಗಳನ್ನು ಬಿಗಿದ ಮೇಲೆ ಎರಡೂ ಭುಜ ಹಿಡಿದು ಮೇಲಕ್ಕೆತ್ತುತ್ತೇನೆ. ಜಾಕೆಟ್ ಕಿವಿಯ ತನಕ ಏರಿತೆಂದರೆ ಅದು ಆ ಮಗುವಿನ ಅಳತೆಯದಲ್ಲ. ಈಜು ಬಲ್ಲ ಹುಡುಗರು ‘ನನಗೆ ಬೇಡ ಸರ್’ ಎನ್ನುವುದು ಪ್ರತಿ ಶಿಬಿರದಲ್ಲೂ ಇದ್ದದ್ದೇ. ‘ಸರಿಯಪ್ಪ, ದಡದಲ್ಲಿ ಕೂತು ತಲೆ ಎಣಿಸು’ ಎನ್ನುತ್ತೇನೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಜಾಕೆಟ್ ಕೇಳಿಕೊಂಡು ಬರುತ್ತಾನೆ.

ಡೇರೆಯನ್ನು ಕಾಡಿನ ನೆರಳಿನಲ್ಲಿ ಹಾಕುವುದಿಲ್ಲ. ಬಿಸಿಲಾದರೂ ಬಯಲೇ ಸರಿ. ಮಂಗನ ಕಾಯಿಲೆಯ ವೈರಸ್ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಗರ ತಾಲ್ಲೂಕಿನ ಅರಳಗೋಡು ಭಾಗ 2019ರಲ್ಲಿ ಅನುಭವಿಸಿದ್ದನ್ನು ಇಲ್ಲಿಯವರು ಮರೆತಿಲ್ಲ. ಕಾಡಿನ ಉಣ್ಣೆ ಹುಳುಗಳ ಕಡಿತದಿಂದ ಹರಡುವ ಈ ಕಾಯಿಲೆ ಡಿಸೆಂಬರಿನಿಂದ ಮೇ ತನಕವೇ ಹೆಚ್ಚು. ಆದ್ದರಿಂದ ದಿನಾಂಕ ಗೊತ್ತುಮಾಡುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುತ್ತೇನೆ. ಸುತ್ತಮುತ್ತ ಮಂಗ ಸತ್ತ ಸುದ್ದಿಯಿದ್ದರೆ ಶಿಬಿರವೇ ಇಲ್ಲ, ಹಣ ವಾಪಸ್. ಕೆಲವರು ಇದನ್ನು ಅತಿ ಎನ್ನುತ್ತಾರೆ. ಎನ್ನಲಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಅನ್ನ, ತಂಬುಳಿ, ಅಪ್ಪೆಹುಳಿ, ಬಿಸಿಲಿಗೆ ಮುರುಗಲು ಪಾನಕ. ಎರಡನೆಯ ದಿನಕ್ಕೆ ನೂಡಲ್ಸ್ ಕೇಳುವುದನ್ನು ಬಿಡುತ್ತಾರೆ.

ನೀರು ತೀರಾ ಇಳಿದ ವರ್ಷ ಮಡೆನೂರಿಗೆ ಕರೆದೊಯ್ಯುತ್ತೇನೆ. ಜೋಗದ ವಿದ್ಯುದಾಗಾರಕ್ಕಾಗಿ ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಅಲ್ಲಿ ಹೊಸ ಜಲಾಶಯದ ಹೊಟ್ಟೆಯಿಂದ ಮೇಲೇಳುತ್ತದೆ. ಹೆಚ್ಚಾದ ನೀರನ್ನು ತಾನಾಗಿ ಹೊರಬಿಡಲು ಅದರಲ್ಲಿದ್ದ ಸೈಫನ್ ಕೊಳವೆಗಳ ದುಂಡನೆಯ ಬಾಯಿಗಳನ್ನು ಕಂಡರೆ ಮೊಬೈಲ್ ಇಲ್ಲದೆ ಚಡಪಡಿಸುವ ಮಕ್ಕಳೂ ಪ್ರಶ್ನೆ ಕೇಳತೊಡಗುತ್ತಾರೆ. ಆದರೆ ನನಗೆ ಮುಖ್ಯವಾದದ್ದು ಊರಿನ ಹಿರಿಯರ ಜೊತೆ ಮಕ್ಕಳ ಸಂಜೆಯ ಮಾತುಕತೆ. ಒಮ್ಮೆ ಒಬ್ಬ ಹುಡುಗಿ, ‘ಅಜ್ಜಿ, ಮುಳುಗಿದ ಗದ್ದೆ ನಿಮ್ಮದಾ?’ ಎಂದು ಕೇಳಿದಳು. ‘ಗೇಣಿ ಗದ್ದೆ ಮಗಾ. ದುಡಿದದ್ದು ನಾವು, ಪರಿಹಾರ ಹೋದದ್ದು ಒಡೆಯರಿಗೆ’ ಎಂದರು ಆ ಅಜ್ಜಿ. ಗೇಣಿ ಎಂದರೇನು ಎಂದು ವಿವರಿಸುವುದರಲ್ಲೇ ಊಟದ ಹೊತ್ತಾಯಿತು. ಜಲಕ್ರೀಡೆಯನ್ನು ಎಲ್ಲಿಯಾದರೂ ಕಲಿಸಬಹುದು. ಈ ಜಾಗದಲ್ಲೇ ಶಿಬಿರ ಮಾಡುವುದು ನಾನು ಇಂಥ ಮಾತಿಗಾಗಿ.

ಮೇ ಮಧ್ಯದ ನಂತರ ಎಷ್ಟು ಒತ್ತಾಯಿಸಿದರೂ ಒಪ್ಪುವುದಿಲ್ಲ. ಮಧ್ಯಾಹ್ನದ ಮೇಲೆ ಗಾಳಿಯೆದ್ದು ಗುಡುಗು ಸಿಡಿಲಿನ ಮಳೆ ಬರುವ ಕಾಲ ಅದು. ಬಯಲಿನ ಡೇರೆ ಆಗ ಸುರಕ್ಷಿತವಲ್ಲ. ಅದಕ್ಕೂ ಮೊದಲಿನ ಶಿಬಿರಗಳಲ್ಲೂ ಮೊದಲ ಗುಡುಗು ಕೇಳಿದರೆ ಎಲ್ಲರೂ ನೀರಿನಿಂದ ಹೊರಗೆ, ನೇರವಾಗಿ ಜಾಗ ಕೊಟ್ಟವರ ಹೆಂಚಿನ ಮನೆಯ ಜಗಲಿಗೆ. ಕೊನೆಯ ತಂಡ ಹೊರಟ ಮರುದಿನ ಬಿದಿರು ಕಿತ್ತು, ಹರಿಗೋಲುಗಳನ್ನು ಅದೇ ಮನೆಯ ಕೊಟ್ಟಿಗೆಯಲ್ಲಿ ಬೋರಲು ಹಾಕಿ ಬರುತ್ತೇನೆ.